ಹೊಟ್ಟೆಯಲ್ಲಿ ಚಿಟ್ಟೆ ಹಾರುವಾಗ

ಮಡಿಕೇರಿ ಸುತ್ತಮುತ್ತಲಿನ ಶಾಲೆಗಳಲ್ಲಿ ಮಳೆಗಾಲದ ಕೊನೆಯ ತಿಂಗಳುಗಳೆಂದರೆ ಪ್ರತಿಭಾ ಕಾರಂಜಿಯ ತಯಾರಿಯ ತಿಂಗಳುಗಳು. ಒಂದು ಕೋಣೆಯಲ್ಲಿ ಕಂಠಪಾಠ, ಇನ್ನೊಂದರಲ್ಲಿ ಭಾವಗೀತೆ, ಜಗಲಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಭಾಷಣವನ್ನು ತನಗೆ ತಾನೇ ಒಪ್ಪಿಸಿಕೊಳ್ಳುವ ಒಂದಿಬ್ಬರು ಮಕ್ಕಳು. ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳಾದ್ದರಿಂದ ಇಂಗ್ಲಿಷ್ ಭಾಷಣಕ್ಕೆ ಹೆಸರು ಕೊಟ್ಟವರೆಲ್ಲ ನನ್ನ ಬಳಿಗೆ ಬರುತ್ತಾರೆ, ಮತ್ತು ಅವರಲ್ಲಿ ಹೆಚ್ಚಿನವರು ಯಾವುದಾದರೊಂದು ದಿನ ಧ್ವನಿ ತಗ್ಗಿಸಿ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: "ಮೇಡಂ, ಸ್ಟೇಜ್ ಹತ್ತುವ ಮೊದಲು ಹೊಟ್ಟೆಯಲ್ಲಿ ಏನೋ ಆಗುತ್ತದಲ್ಲ, ಅದಕ್ಕೇನು ಮಾಡುವುದು?" ಆ "ಏನೋ" ಎಂಬುದಕ್ಕೆ ಇಂಗ್ಲಿಷ್ ಮಾತನಾಡುವವರು ದಿನಬಳಕೆಯಲ್ಲಿ ಹೇಳುವ ಮಾತು "ಬಟರ್‌ಫ್ಲೈಸ್ ಇನ್ ಮೈ ಸ್ಟಮಕ್", ಅಂದರೆ ನನ್ನ ಹೊಟ್ಟೆಯಲ್ಲಿ ಚಿಟ್ಟೆಗಳಿವೆ ಎಂದು. ಈ ಮಾತನ್ನು ಅರ್ಥಮಾಡಿಕೊಂಡು ಸರಿಯಾಗಿ ಬಳಸುವುದು ಹೇಗೆ, ಮತ್ತು ಅದನ್ನು ಬಳಸಲು ಕಲಿತ ಮಗುವಿಗೆ ಅದರಿಂದ ಆಗುವ ಉಪಕಾರವೇನು ಎಂಬುದನ್ನು ಮಕ್ಕಳಿಗೂ ಅವರ ತಂದೆತಾಯಂದಿರಿಗೂ ಒಟ್ಟಿಗೆ ತಿಳಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಳಕೆಯ ಮಾತು. ಇಲ್ಲಿ ಚಿಟ್ಟೆ ಬಹುವಚನದಲ್ಲೇ ಇರುತ್ತದೆ. ಒಂದೇ ಚಿಟ್ಟೆ ಇದೆಯೆಂದು ಇಂದಿನ ಇಂಗ್ಲಿಷಿನಲ್ಲಿ ಹೇಳುವ ರೂಢಿಯಿಲ್ಲ. ಈಗ ಆಗುತ್ತಿರುವುದನ್ನು ಹೇಳಬೇಕಾದರೆ "ಐ ಹ್ಯಾವ್ ಬಟರ್‌ಫ್ಲೈಸ್ ಇನ್ ಮೈ ಸ್ಟಮಕ್" ಎನ್ನಬೇಕು; ಪ್ರತಿ ಸಲವೂ ಆಗುವುದನ್ನು ಹೇಳಬೇಕಾದರೆ "ಐ ಆಲ್ವೇಸ್ ಗೆಟ್ ಬಟರ್‌ಫ್ಲೈಸ್ ಬಿಫೋರ್ ಎ ಸ್ಪೀಚ್" ಎನ್ನಬೇಕು; ಇಂಥದ್ದರಿಂದ ಆಗುತ್ತದೆ ಎನ್ನುವುದಾದರೆ "ಇಂಟರ್‌ವ್ಯೂಸ್ ಗಿವ್ ಮಿ ಬಟರ್‌ಫ್ಲೈಸ್" ಎಂದರಾಯಿತು. ಆತ್ಮೀಯರೊಡನೆ ಹೊಟ್ಟೆಯ ಮಾತನ್ನೇ ಬಿಟ್ಟು ಬರೇ "ಬಟರ್‌ಫ್ಲೈಸ್" ಎಂದರೂ ಅರ್ಥವಾಗುತ್ತದೆ. ಇದು ಮಾತಿನಲ್ಲಿ, ಗೆಳೆಯರಿಗೆ ಬರೆಯುವ ಪತ್ರದಲ್ಲಿ, ಕಥೆಯಲ್ಲಿ, ಅನುಭವ ಹೇಳುವ ಪ್ರಬಂಧದಲ್ಲಿ ಚೆನ್ನಾಗಿ ಹೊಂದುತ್ತದೆ. ಮುಖ್ಯೋಪಾಧ್ಯಾಯರಿಗೆ ಬರೆಯುವ ರಜಾ ಅರ್ಜಿಯಲ್ಲಿ ಹೊಂದುವುದಿಲ್ಲ. ಹೊಟ್ಟೆನೋವು ಬಂದಾಗ ಇದನ್ನು ಹೇಳಬಾರದು, ವೈದ್ಯರು ಬೇರೆಯೇ ಅರ್ಥ ಮಾಡಿಕೊಂಡಾರು. ಇಷ್ಟಪಟ್ಟವರನ್ನು ನೋಡಿದಾಗ ಆಗುವ ಪುಳಕಕ್ಕೂ ಇಂಗ್ಲಿಷಿನಲ್ಲಿ ಇದೇ ಮಾತು ಸಲ್ಲುತ್ತದೆ, ಆದುದರಿಂದ ಯಾವ ಸಂದರ್ಭದಲ್ಲಿ ಆಡುತ್ತಿದ್ದೇವೆಂಬುದು ಕೇಳುವವರಿಗೆ ಸ್ಪಷ್ಟವಾಗಿರಬೇಕು.

ಮಕ್ಕಳು ಗೊಂದಲ ಮಾಡಿಕೊಳ್ಳುವುದು ಇನ್ನೆರಡು ಮಾತುಗಳೊಂದಿಗೆ, ಅವುಗಳ ವ್ಯತ್ಯಾಸ ತಿಳಿದಿರುವುದು ಅಗತ್ಯ. "ಕೋಲ್ಡ್ ಫೀಟ್" ಎಂದರೆ ಒಪ್ಪಿಕೊಂಡ ಕೆಲಸದಿಂದ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯುವಷ್ಟು ಧೈರ್ಯಗುಂದುವುದು. ಹೆಸರು ಕೊಟ್ಟ ಹುಡುಗ ಸ್ಪರ್ಧೆಯ ದಿನ ಬೆಳಿಗ್ಗೆ "ನಾನು ಬರುವುದಿಲ್ಲ" ಎಂದರೆ ಅವನಿಗೆ ಬಂದದ್ದು ಕೋಲ್ಡ್ ಫೀಟ್. "ಸ್ಟೇಜ್ ಫ್ರೈಟ್" ಎಂದರೆ ನಮ್ಮ ಹಿರಿಯರು ಸಭಾಕಂಪವೆಂದು ಕರೆದದ್ದು: ಸಭೆಯನ್ನು ಕಂಡೊಡನೆ ಮೈ ನಡುಗಿ ನಾಲಗೆ ಏಳದಿರುವ ಸ್ಥಿತಿ. ಚಿಟ್ಟೆಗಳ ಮಾತು ಇವೆರಡಕ್ಕಿಂತಲೂ ಹಗುರವಾದದ್ದು. ಅದನ್ನು ಹೇಳುವ ವ್ಯಕ್ತಿ ವೇದಿಕೆ ಹತ್ತಲು ಸಿದ್ಧನಿದ್ದಾನೆ, ಹತ್ತಿಯೇ ತೀರುತ್ತಾನೆ, ಅಷ್ಟರಲ್ಲಿ ಮೈಯೊಳಗೆ ಹೀಗೊಂದು ಕಲಕಾಟ ನಡೆದಿದೆ ಎಂದು ತಿಳಿಸುತ್ತಿದ್ದಾನೆ, ಅಷ್ಟೆ. ನಮ್ಮಲ್ಲೂ ಎದೆಯಲ್ಲಿ ಅವಲಕ್ಕಿ ಕುಟ್ಟುವುದುಂಟು, ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚುವುದುಂಟು. ಆದರೆ ಇವನ್ನು ನಾವು ಹೆಚ್ಚಾಗಿ ಕೆಟ್ಟದ್ದೇನೋ ಆಗಲಿದೆಯೆಂಬ ಭಯಕ್ಕೆ ಹೇಳುತ್ತೇವೆ. ಒಳ್ಳೆಯದೇ ಆಗಬಹುದೆಂಬ ನಿರೀಕ್ಷೆಯೂ ಬೆರೆತ ಅಳುಕಿಗೆ ಹದಿನಾಲ್ಕು ವರ್ಷದ ಮಗುವಿಗೆ ಸುಲಭವಾಗಿ ಆಡಲು ಬರುವ ಮಾತೊಂದು ಸಿಕ್ಕಿದರೆ, ಅದು ಯಾವ ಭಾಷೆಯಿಂದ ಬಂದರೂ ನಾನು ಸಂತೋಷದಿಂದ ಸ್ವೀಕರಿಸುತ್ತೇನೆ.

ಏಕೆಂದರೆ ಮಾತು ಸಿಗದ ಮಗು ಇದನ್ನು ತನ್ನ ಸ್ವಭಾವದ ಕುಂದೆಂದು ತಿಳಿಯುತ್ತದೆ. "ನಾನು ಹೆದರುಪುಕ್ಕಲಿ" ಎಂದು ಹೇಳಿಕೊಳ್ಳುವ ಹುಡುಗಿಗೂ "ನನಗೆ ಹೊಟ್ಟೆಯಲ್ಲಿ ಚಿಟ್ಟೆಗಳಿವೆ" ಎಂದು ಹೇಳುವ ಹುಡುಗಿಗೂ ಬಹಳ ಅಂತರವಿದೆ. ಮೊದಲನೆಯವಳು ತಾನೇ ಸರಿಯಿಲ್ಲವೆನ್ನುತ್ತಾಳೆ. ಎರಡನೆಯವಳು ಬಂದು ಹೋಗುವ ಒಂದು ಸ್ಥಿತಿಯನ್ನು ವರದಿ ಮಾಡುತ್ತಾಳೆ. ಈ ಎರಡನೆಯ ಹೇಳಿಕೆಯೇ ಶರೀರಶಾಸ್ತ್ರಕ್ಕೆ ಹತ್ತಿರವಾದದ್ದು ಎಂಬುದು ನನಗೆ ಈ ವಿಷಯದಲ್ಲಿ ಅತ್ಯಂತ ಮುಖ್ಯವಾಗಿ ತೋರುತ್ತದೆ, ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

19ನೇ ಶತಮಾನದ ಕೊನೆಯಲ್ಲಿ, ಎಕ್ಸ್-ರೇ ಇನ್ನೂ ಹೊಸದಾಗಿದ್ದಾಗ, ಅಮೆರಿಕದ ಹಾರ್ವರ್ಡ್‌ನಲ್ಲಿ ವಾಲ್ಟರ್ ಕ್ಯಾನನ್ ಎಂಬ ವೈದ್ಯವಿದ್ಯಾರ್ಥಿ ಬೆಕ್ಕುಗಳಿಗೆ ಎಕ್ಸ್-ರೇಯಲ್ಲಿ ಎದ್ದು ಕಾಣುವ ಬಿಸ್ಮತ್ ಎಂಬ ವಸ್ತುವನ್ನು ಬೆರೆಸಿದ ಆಹಾರ ತಿನ್ನಿಸಿ, ಅದು ಹೊಟ್ಟೆಯೊಳಗೆ ಹೇಗೆ ಸಾಗುತ್ತದೆಂದು ಆ ಕಿರಣಗಳ ಸಹಾಯದಿಂದ ನೋಡುತ್ತಿದ್ದರು. ಜಠರದ ಗೋಡೆಗಳು ಅಲೆಅಲೆಯಾಗಿ ಕುಗ್ಗುತ್ತ ಆಹಾರವನ್ನು ಮುಂದಕ್ಕೆ ತಳ್ಳುವುದು ಅವರಿಗೆ ಕಾಣುತ್ತಿತ್ತು. ಆದರೆ ಬೆಕ್ಕು ಕಳವಳಗೊಂಡಾಗ, ಸಿಟ್ಟಿಗೆದ್ದಾಗ ಆ ಅಲೆಗಳು ಥಟ್ಟನೆ ನಿಂತುಬಿಡುತ್ತಿದ್ದವು. ಅದನ್ನು ಸಮಾಧಾನಪಡಿಸಿದರೆ ಮತ್ತೆ ಆರಂಭವಾಗುತ್ತಿದ್ದವು. ಮನಸ್ಸಿನ ಕಳವಳ ಹೊಟ್ಟೆಯ ಕೆಲಸವನ್ನು ನಿಲ್ಲಿಸಬಲ್ಲದು ಎಂಬುದು ಹೀಗೆ ಕಣ್ಣಿಗೆ ಕಂಡ ಸಂಗತಿಯಾಯಿತು. ಮುಂದೆ ಅದೇ ಕ್ಯಾನನ್, 1915ರಲ್ಲಿ ಪ್ರಕಟಿಸಿದ ತಮ್ಮ ಸಂಶೋಧನೆಯಲ್ಲಿ, ಅಪಾಯ ಎದುರಾದಾಗ ಪ್ರಾಣಿಯ ಶರೀರವು ಹೋರಾಡುವುದಕ್ಕೋ ಓಡುವುದಕ್ಕೋ ಹೇಗೆ ಅಣಿಯಾಗುತ್ತದೆ ಎಂಬುದನ್ನು ವಿವರಿಸಿದರು.

ಆ ಅಣಿಯಾಗುವಿಕೆ ಹೀಗಿರುತ್ತದೆ. ಮೂತ್ರಪಿಂಡಗಳ ಮೇಲೆ ಕುಳಿತಿರುವ ಎರಡು ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ, ಹೃದಯ ವೇಗವಾಗಿ, ಬಲವಾಗಿ ಬಡಿಯುತ್ತದೆ, ಉಸಿರು ಚುರುಕಾಗುತ್ತದೆ, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಬಿಡುಗಡೆ ಮಾಡುತ್ತದೆ. ಗದ್ದೆಗೆ ನೀರು ಕಟ್ಟುವವರು ಒಂದು ಕಾಲುವೆಗೆ ಮಣ್ಣಿನ ಅಡ್ಡ ಹಾಕಿ ಇನ್ನೊಂದಕ್ಕೆ ನೀರು ತಿರುಗಿಸುವಂತೆ, ಹೊಟ್ಟೆ ಕರುಳುಗಳ ರಕ್ತನಾಳಗಳು ಬಿಗಿದು ರಕ್ತವು ಕೈಕಾಲುಗಳ ಸ್ನಾಯುಗಳ ಕಡೆಗೆ ಹರಿಯುತ್ತದೆ. ಅಂಗೈ ತಣ್ಣಗಾಗಿ ಬೆವರುವುದು, ಬಾಯಿಯ ಪಸೆ ಆರುವುದು, ಮೊಣಕಾಲು ನಡುಗುವುದು, ಇವೆಲ್ಲ ಅದೇ ಸಿದ್ಧತೆಯ ಬೇರೆಬೇರೆ ತೋರಿಕೆಗಳು. ಇತ್ತ ಕರುಳಿನ ಗೋಡೆಗಳಲ್ಲೇ ಹತ್ತು ಕೋಟಿಗೂ ಮಿಕ್ಕ ನರಕೋಶಗಳಿವೆ, ಮತ್ತು ಹೊಟ್ಟೆಯನ್ನೂ ಮೆದುಳನ್ನೂ ಜೋಡಿಸುವ ವೇಗಸ್ ಎಂಬ ನರದ ಎಳೆಗಳಲ್ಲಿ ಹೆಚ್ಚಿನವು ಸುದ್ದಿಯನ್ನು ಒಯ್ಯುವುದು ಕೆಳಗಿನಿಂದ ಮೇಲಕ್ಕೆ. ಆದುದರಿಂದ ಹೊಟ್ಟೆಯಲ್ಲಿ ಆದ ಬದಲಾವಣೆ ಕೂಡಲೇ ನಮ್ಮ ಅರಿವಿಗೆ ಬರುತ್ತದೆ. ಆ ಪಟಪಟವೇ ಇಂಗ್ಲಿಷಿನವರ ಚಿಟ್ಟೆಗಳು. ಎದುರಿಗಿರುವುದು ತೀರ್ಪುಗಾರರ ಮೇಜೇ ಹೊರತು ಕಾಡಾನೆಯಲ್ಲ ಎಂಬುದನ್ನು ವಿಚಾರಿಸಿ ನೋಡುವಷ್ಟು ವ್ಯವಧಾನ ಈ ವ್ಯವಸ್ಥೆಗಿಲ್ಲ. ಮುಖ್ಯವಾದದ್ದೇನೋ ನಡೆಯಲಿದೆ ಎಂಬುದಷ್ಟೇ ಅದಕ್ಕೆ ಗೊತ್ತು.

ಇದನ್ನು ನಾನು ತರಗತಿಯಲ್ಲಿ ಹೇಳಿದಾಗ ಮಕ್ಕಳ ಮುಖದಲ್ಲಿ ಆಗುವ ಬದಲಾವಣೆ ನೋಡುವಂಥದ್ದು. ತನಗೊಬ್ಬಳಿಗೇ ಹೀಗಾಗುತ್ತದೆಂದು ತಿಳಿದಿದ್ದವಳು ಪಕ್ಕದವಳ ಕಡೆ ತಿರುಗುತ್ತಾಳೆ. "ನಿನಗೂ ಹೌದಾ?" ಎಂಬ ಪಿಸುಮಾತು ಬೆಂಚಿನಿಂದ ಬೆಂಚಿಗೆ ಹೋಗುತ್ತದೆ. ಹಿಂದಿನ ಬೆಂಚಿನ ಹುಡುಗರು ಮಾತ್ರ ತಮಗೇನೂ ಆಗುವುದಿಲ್ಲವೆಂದು ಕುಳಿತಿರುತ್ತಾರೆ, ಅವರಿಗಾಗಿ ನಾನು ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ನ ಮಾತು ತೆಗೆಯುತ್ತೇನೆ.

ಸೆಪ್ಟೆಂಬರ್ ಆರಂಭದಲ್ಲಿ ಬರುವ ಆ ಹಬ್ಬದಲ್ಲಿ ಊರೂರಿನ ಮೈದಾನಗಳಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ತೋಟದಲ್ಲಿ, ಒಬ್ಬನೇ ಇರುವಾಗ, ಅದೇ ದೂರದಿಂದ ಅದೇ ಗುರಿಯನ್ನು ಸಲೀಸಾಗಿ ಹೊಡೆಯಬಲ್ಲವನು ಊರವರೆಲ್ಲ ಸುತ್ತ ನಿಂತು ನೋಡುವಾಗ ಕೋವಿಯ ತುದಿ ಅಲುಗುವುದನ್ನು ಅನುಭವಿಸುತ್ತಾನೆ. ಒಳ್ಳೆಯ ಗುರಿಕಾರರನ್ನು ಹತ್ತಿರದಿಂದ ನೋಡಿದವರಿಗೆ ಅವರು ಮಾಡುವುದೇನೆಂದು ಗೊತ್ತಿರುತ್ತದೆ. ಕೋವಿಯನ್ನು ಭುಜಕ್ಕೆ ಒತ್ತಿ, ಕೆನ್ನೆಯನ್ನು ಹಿಡಿಗೆ ತಾಗಿಸಿ, ಒಮ್ಮೆ ಉಸಿರು ತೆಗೆದುಕೊಂಡು ಅದನ್ನು ಆತುರವಿಲ್ಲದೆ ಹೊರಬಿಡುತ್ತಾರೆ. ಉಸಿರು ಹೋಗಿ ಮೈ ಒಂದು ಕ್ಷಣ ನಿಶ್ಚಲವಾದಾಗ ಬೆರಳು ಎಳೆಯುತ್ತದೆ. ಇದು ಬರೇ ಅಭ್ಯಾಸದ ಮಾತಲ್ಲ. ನಾವು ಉಸಿರನ್ನು ಒಳಗೆಳೆದುಕೊಳ್ಳುವಾಗ ಹೃದಯದ ಬಡಿತ ತುಸು ಏರುತ್ತದೆ, ಹೊರಬಿಡುವಾಗ ಇಳಿಯುತ್ತದೆ. ಹೊರಬಿಡುವುದನ್ನು ದೀರ್ಘ ಮಾಡಿದಷ್ಟೂ ವೇಗಸ್ ನರದ ಹಿಡಿತ ಹೆಚ್ಚಿ ಎದೆ ಶಾಂತವಾಗುತ್ತದೆ. ಆದುದರಿಂದ ವೇದಿಕೆಯ ಪಕ್ಕದಲ್ಲಿ ನಿಂತ ಮಗುವಿಗೆ "ಜೋರಾಗಿ ಉಸಿರು ಎಳೆದುಕೋ" ಎಂದು ಹೇಳುವುದು ಅರ್ಧ ಮಾತಾಗುತ್ತದೆ; ಎಳೆದುಕೊಂಡದ್ದನ್ನು ನಿಧಾನವಾಗಿ, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡಬೇಕು ಎಂಬುದನ್ನು ಸೇರಿಸಿಯೇ ಹೇಳಬೇಕು. ಕೊಡವ ಕುಟುಂಬಗಳ ತಂಡಗಳು ಆಡುವ ಕೌಟುಂಬಿಕ ಹಾಕಿಯಲ್ಲಿ ಪಂದ್ಯ ಟೈಬ್ರೇಕರ್‌ಗೆ ಹೋದಾಗ ಚೆಂಡಿನ ಮುಂದೆ ನಿಂತ ಆಟಗಾರನನ್ನೂ ನೋಡಿ ಎಂದು ನಾನು ಹುಡುಗರಿಗೆ ಹೇಳುತ್ತೇನೆ. ಅಷ್ಟು ದೊಡ್ಡ ಮೈಕಟ್ಟಿನವರೂ ಸ್ಟಿಕ್ಕನ್ನು ಒಂದೆರಡು ಸಲ ನೆಲಕ್ಕೆ ತಟ್ಟಿ, ಉಸಿರು ಬಿಟ್ಟು, ಆಮೇಲೆಯೇ ಹೊಡೆಯುವುದು.

ಗುಂಪಿನಲ್ಲಿ ಕುಣಿಯುವಾಗ ಅಳುಕದ ಮಗು ಒಂಟಿಯಾಗಿ ಮಾತನಾಡುವಾಗ ಏಕೆ ಅಳುಕುತ್ತದೆ ಎಂಬುದನ್ನೂ ನಾನು ಬಹಳ ಯೋಚಿಸಿದ್ದೇನೆ. ಕೊಡವ ಹೆಣ್ಣುಮಕ್ಕಳ ಕುಣಿತವಾದ ಉಮ್ಮತ್ತಾಟ್‌ನಲ್ಲಿ ತಾಳ ಹಿಡಿದ ಹುಡುಗಿಯರು ವೃತ್ತವಾಗಿ ಸಾಗುತ್ತಾರೆ, ಅವರ ಗಮನವೆಲ್ಲ ವೃತ್ತದ ನಡುವೆ ಇರುವವಳ ಕಡೆಗೆ, ಪಕ್ಕದವಳ ಹೆಜ್ಜೆಯ ಕಡೆಗೆ ಇರುತ್ತದೆ. ನೋಡುವವರು ನೋಡುವುದೂ ವೃತ್ತವನ್ನೇ, ಯಾವೊಬ್ಬಳನ್ನೂ ಅಲ್ಲ. ಅದೇ ಹುಡುಗಿ ಮೈಕಿನ ಮುಂದೆ ನಿಂತಾಗ ಎಲ್ಲ ಕಣ್ಣುಗಳೂ ಅವಳೊಬ್ಬಳ ಮೇಲೆ. ಅದರ ಮೇಲೆ ಭಾಷೆಯ ಹೊರೆಯೂ ಇದೆ. ನಮ್ಮ ಜಿಲ್ಲೆಯ ತರಗತಿಯೊಂದರಲ್ಲಿ ಮನೆಯಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆ ಆಡುವವರು, ತುಳು, ಮಲಯಾಳ, ಬ್ಯಾರಿ ಆಡುವವರು, ಯರವ ಮತ್ತು ಕುರುಬ ಸಮುದಾಯಗಳ ನುಡಿಯನ್ನು ಆಡುವವರು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಹಲವರಿಗೆ ಕನ್ನಡವೇ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಮೂರನೆಯ ಭಾಷೆಯಲ್ಲಿ, ಅಪರಿಚಿತರ ಮುಂದೆ, ಗಡಿಯಾರ ನೋಡುತ್ತ ಕುಳಿತ ತೀರ್ಪುಗಾರರ ಎದುರು ಐದು ನಿಮಿಷ ಮಾತನಾಡುವ ಮಗುವಿಗೆ ಹೊಟ್ಟೆ ಕಲಕದಿದ್ದರೆ ಅದೇ ಆಶ್ಚರ್ಯ.

ಸಭಿಕರಿರುವುದು ಯಾವಾಗ ಸಹಾಯ, ಯಾವಾಗ ತೊಡಕು ಎಂಬುದಕ್ಕೆ ಮನಶ್ಶಾಸ್ತ್ರದಲ್ಲಿ ಒಳ್ಳೆಯ ಉತ್ತರವಿದೆ. 1965ರಲ್ಲಿ ರಾಬರ್ಟ್ ಝಯಾನ್ಸ್ ಎಂಬ ವಿದ್ವಾಂಸರು ಅದುವರೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿ, ಚೆನ್ನಾಗಿ ಕರಗತವಾದ ಕೆಲಸವನ್ನು ನಾವು ಇತರರ ಎದುರು ಇನ್ನೂ ಚೆನ್ನಾಗಿ ಮಾಡುತ್ತೇವೆ, ಅರೆಬರೆ ಕಲಿತದ್ದನ್ನು ಇತರರ ಎದುರು ಇನ್ನಷ್ಟು ಕೆಡಿಸುತ್ತೇವೆ ಎಂಬ ತೀರ್ಮಾನಕ್ಕೆ ಬಂದರು. ಕೆಲವು ವರ್ಷಗಳ ನಂತರ ಅವರೂ ಅವರ ಸಂಗಡಿಗರೂ ಜಿರಲೆಗಳ ಮೇಲೆ ನಡೆಸಿದ ಪ್ರಯೋಗದಲ್ಲೂ ಇದೇ ಕಂಡಿತು: ಬೇರೆ ಜಿರಲೆಗಳು ಸುತ್ತ ಇದ್ದಾಗ ಅವು ನೇರ ದಾರಿಯಲ್ಲಿ ಬೇಗ ಓಡಿದವು, ತಿರುವಿನ ದಾರಿಯಲ್ಲಿ ತಡವರಿಸಿದವು. ಇದರಿಂದ ನಾನು ತೆಗೆದುಕೊಂಡ ಪಾಠ ತುಂಬ ಸರಳವಾದದ್ದು. ಭಾಷಣ ಪೂರ್ತಿ ಬಾಯಿಪಾಠವಾಗಬೇಕೆಂದು ನಾನು ಒತ್ತಾಯಿಸುವುದಿಲ್ಲ. ಮೊದಲ ಮೂರು ವಾಕ್ಯಗಳು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುವಂತಿರಬೇಕು. ಅಡ್ರಿನಲಿನ್ ಅತಿ ಹೆಚ್ಚಾಗಿರುವುದು ಆ ಮೊದಲ ನಿಮಿಷದಲ್ಲೇ. ಆ ನಿಮಿಷವನ್ನು ನಾಲಗೆ ತಾನಾಗಿಯೇ ದಾಟಿಸಿದರೆ ಉಳಿದದ್ದಕ್ಕೆ ತಲೆ ಬಂದು ಸೇರಿಕೊಳ್ಳುತ್ತದೆ.

ಕೊಡಗಿನಲ್ಲಿ ವಿಶೇಷವಾಗಿ ಹೇಳಬೇಕಾದ ಒಂದು ವಿಷಯವೆಂದರೆ ಕಾಫಿ. ನಮ್ಮಲ್ಲಿ ಯಾವುದೇ ಕಾರ್ಯಕ್ರಮವಿರಲಿ, ಬಂದವರಿಗೆಲ್ಲ ಬಿಸಿ ಕಾಫಿ ಕೊಡುವುದು ಆದರದ ಪದ್ಧತಿ, ಮತ್ತು ಚಳಿಯಲ್ಲಿ ದೂರದಿಂದ ಬಂದ ಮಕ್ಕಳಿಗೂ ಅದೇ ಲೋಟ ಬರುತ್ತದೆ. ಆದರೆ ಕೆಫೀನ್ ಕುಡಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ರಕ್ತದಲ್ಲಿ ತುಂಬಿಕೊಂಡು, ಆಗಲೇ ಹಾರುತ್ತಿರುವ ಎದೆಯನ್ನು ಇನ್ನಷ್ಟು ಹಾರಿಸುತ್ತದೆ, ಕೈಯ ನಡುಕವನ್ನೂ ಹೆಚ್ಚಿಸುತ್ತದೆ. ಸ್ಪರ್ಧೆ ಮುಗಿದ ಮೇಲೆ ಕಾಫಿ ಕೊಡಿ, ಮೊದಲು ಉಗುರುಬೆಚ್ಚಗಿನ ನೀರು ಕೊಡಿ ಎಂದು ಸಂಘಟಕರಲ್ಲಿ ನಾನು ವಿನಂತಿಸುತ್ತೇನೆ. ಬೆಳಿಗ್ಗೆ ಏನೂ ತಿನ್ನದೆ ಬರುವುದೂ ಒಳ್ಳೆಯದಲ್ಲ. ಸರದಿಗೆ ಎರಡು ಗಂಟೆ ಮೊದಲು ಹಗುರವಾಗಿ ತಿಂದಿರಬೇಕು.

ಈಗ ಹಿರಿಯರು ಆಡುವ ಮಾತಿಗೆ ಬರುತ್ತೇನೆ. ಮಗು ಅಳುಕಿದಾಗ ನಮ್ಮ ಬಾಯಿಗೆ ತಟ್ಟನೆ ಬರುವುದು "ಹೆದರಬೇಡ, ಏನೂ ಆಗುವುದಿಲ್ಲ" ಎಂಬ ಮಾತು. ಪ್ರೀತಿಯಿಂದಲೇ ಹೇಳುತ್ತೇವೆ, ಸಂದೇಹವಿಲ್ಲ. ಆದರೆ ಹೊಟ್ಟೆಯಲ್ಲಿ ಏನೋ ಆಗುತ್ತಿರುವುದು ಮಗುವಿಗೆ ಸ್ಪಷ್ಟವಾಗಿ ತಿಳಿಯುತ್ತಿರುವಾಗ ಏನೂ ಆಗುವುದಿಲ್ಲವೆಂದರೆ ನಮ್ಮ ಮಾತಿನ ಮೇಲಿನ ನಂಬಿಕೆ ಹೋಗುತ್ತದೆ, ಜೊತೆಗೆ ಹೆದರಿಕೆಯನ್ನು ಅಡಗಿಸಿಡುವ ಕೆಲಸವೊಂದು ಹೆಚ್ಚಾಗುತ್ತದೆ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಅವರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ದೃಷ್ಟಿಯಿಂದ ಬಹಳ ಉಪಯುಕ್ತ. ಅಪರಿಚಿತರ ಎದುರು ಹಾಡಬೇಕಾದವರು, ಭಾಷಣ ಮಾಡಬೇಕಾದವರು, ಗಣಿತದ ಕಠಿಣ ಲೆಕ್ಕ ಬಿಡಿಸಬೇಕಾದವರು ಆ ಕೆಲಸಕ್ಕೆ ಮೊದಲು ತಮ್ಮ ಸ್ಥಿತಿಯನ್ನು ಉತ್ಸಾಹವೆಂದು ಹೇಳಿಕೊಂಡಾಗ, ಶಾಂತವಾಗಿರಲು ಪ್ರಯತ್ನಿಸಿದವರಿಗಿಂತ ಚೆನ್ನಾಗಿ ಮಾಡಿದರು. ಕಾರಣ ಊಹಿಸುವುದು ಕಷ್ಟವಲ್ಲ. ಭಯದಲ್ಲೂ ಉತ್ಸಾಹದಲ್ಲೂ ಎದೆ ಬಡಿಯುವುದು ಒಂದೇ ರೀತಿ. ಬಡಿಯುವ ಎದೆಯನ್ನು ಒಮ್ಮೆಲೇ ತಣಿಸುವುದಕ್ಕಿಂತ ಅದರ ಹೆಸರನ್ನು ಬದಲಿಸುವುದು ಸುಲಭ. ಚಿಟ್ಟೆಗಳ ಮಾತು ನನಗೆ ಪ್ರಿಯವಾಗಲು ಇದೂ ಒಂದು ಕಾರಣ, ಏಕೆಂದರೆ ಅದರಲ್ಲಿ ಭಯವೂ ಉತ್ಸಾಹವೂ ಎರಡೂ ಇರಲು ಜಾಗವಿದೆ. ಇಂಗ್ಲಿಷಿನಲ್ಲಿ ಭಾಷಣ ಕಲಿಸುವವರು ಹೇಳುವ ಒಂದು ಮಾತುಂಟು: ಚಿಟ್ಟೆಗಳನ್ನು ಓಡಿಸಬೇಡಿ, ಸಾಲಾಗಿ ಹಾರಲು ಕಲಿಸಿ.

ಕಳೆದ ಬಾರಿ ತಾಲ್ಲೂಕು ಮಟ್ಟದ ಸ್ಪರ್ಧೆಯಲ್ಲಿ ವೇದಿಕೆಯ ಪಕ್ಕದ ಇಕ್ಕಟ್ಟಾದ ಜಾಗದಲ್ಲಿ ನಮ್ಮ ಶಾಲೆಯ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಸರದಿಗಾಗಿ ಕಾಯುತ್ತಿದ್ದಳು. ಒದ್ದೆ ಕೊಡೆಗಳೆಲ್ಲ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಅವಳು ಸ್ವೆಟರಿನ ತೋಳನ್ನು ಅಂಗೈಯವರೆಗೆ ಎಳೆದುಕೊಂಡು ಅದರ ತುದಿಯನ್ನು ಹಿಂಡುತ್ತಿದ್ದಳು, ಕೈ ಮುಟ್ಟಿದರೆ ಮಂಜಿನಷ್ಟು ತಣ್ಣಗಿತ್ತು. ನಾನು ಅವಳಿಗೆ ಧೈರ್ಯ ಹೇಳಲಿಲ್ಲ. "ಚಿಟ್ಟೆಗಳು ಬಂದವಾ?" ಎಂದು ಕೇಳಿದೆ. "ಬಂದಿವೆ ಮೇಡಂ, ತುಂಬ" ಎಂದಳು. "ಎಲ್ಲಿವೆ ಈಗ?" ಎಂದರೆ ಹೊಕ್ಕುಳ ಮೇಲ್ಭಾಗವನ್ನು ಮುಟ್ಟಿ ತೋರಿಸಿದಳು. "ಸರಿ, ನಿನ್ನ ಮೈ ತಯಾರಾಗಿದೆ ಅಂತಾಯ್ತು. ಮೊದಲ ಮೂರು ವಾಕ್ಯ ನನಗೆ ಹೇಳು" ಎಂದೆ. ಹೇಳಿದಳು, ಎರಡನೆಯ ವಾಕ್ಯದಲ್ಲಿ ಧ್ವನಿ ಸ್ವಲ್ಪ ನಡುಗಿತು. ಆ ನಡುಕ ಸಭೆಗೆ ಕೇಳಿಸುತ್ತದಾ ಎಂಬುದು ಅವಳ ಮುಂದಿನ ಚಿಂತೆ. ನಿನಗೆ ಕೇಳಿಸಿದಷ್ಟು ಅವರಿಗೆ ಕೇಳಿಸುವುದಿಲ್ಲ ಎಂದು ಖಚಿತವಾಗಿ ಹೇಳಿದೆ. ಅವಳ ಸರದಿ ಬಂತು, ಹೋದಳು, ನಾಲ್ಕೂವರೆ ನಿಮಿಷ ಚೆನ್ನಾಗಿ ಮಾತನಾಡಿದಳು. ಬಹುಮಾನ ಬರಲಿಲ್ಲ, ಈ ವರ್ಷ ಮೊದಲು ಹೆಸರು ಕೊಟ್ಟವಳು ಅವಳೇ.

ಅವಳಿಗೆ ಖಚಿತವಾಗಿ ಹೇಳಿದ ಮಾತಿಗೂ ಆಧಾರವಿದೆ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣಕಾರರು ತಮ್ಮ ಅಳುಕು ಇತರರಿಗೆ ಎಷ್ಟು ಕಾಣುತ್ತದೆಂದು ಭಾವಿಸುತ್ತಾರೋ ಅಷ್ಟು ಕಾಣುವುದಿಲ್ಲ ಎಂಬುದು ಕಂಡುಬಂತು. ಅದಕ್ಕಿಂತ ಮುಖ್ಯವಾಗಿ, ಈ ಸಂಗತಿಯನ್ನು ಮೊದಲೇ ತಿಳಿಸಲ್ಪಟ್ಟವರು ಉಳಿದವರಿಗಿಂತ ಚೆನ್ನಾಗಿ ಮಾತನಾಡಿದರು. ಅಳುಕು ಕಾಣಿಸುತ್ತಿದೆಯೆಂಬ ಚಿಂತೆಯೇ ಅಳುಕನ್ನು ಹೆಚ್ಚಿಸುತ್ತದೆ. ಆ ಎರಡನೆಯ ಚಿಂತೆ ಕಳಚಿದರೆ ಉಳಿಯುವುದು ತಾಳಿಕೊಳ್ಳಬಹುದಾದಷ್ಟೇ.

ದೊಡ್ಡವರೆನಿಸಿಕೊಂಡವರಿಗೂ ಹೀಗೆ ಆಗಿತ್ತೇ ಎಂದು ಕೇಳುವ ಮಕ್ಕಳಿಗೆ ನಾನು ಗಾಂಧೀಜಿಯವರನ್ನು ನೆನಪಿಸುತ್ತೇನೆ. 1934ರ ಫೆಬ್ರವರಿಯಲ್ಲಿ ಅವರು ಹರಿಜನ ಪ್ರವಾಸದ ಭಾಗವಾಗಿ ಕೊಡಗಿಗೆ ಬಂದಿದ್ದರು. ಅವರ ಮಾತು ಕೇಳಲು ಇಲ್ಲಿನ ಜನ ಸೇರಿದ್ದರು, ನಮ್ಮ ಕಥೆಗಾರ್ತಿ ಗೌರಮ್ಮನವರು ತಮ್ಮ ಒಡವೆಗಳನ್ನು ಅವರ ಕಾರ್ಯಕ್ಕೆ ಒಪ್ಪಿಸಿದ್ದು ಎಲ್ಲರಿಗೂ ತಿಳಿದ ಸಂಗತಿ. ಅದೇ ಗಾಂಧೀಜಿ ಯುವಕರಾಗಿದ್ದಾಗ ಲಂಡನ್ನಿನ ಸಸ್ಯಾಹಾರಿ ಸಂಘದ ಸಭೆಯಲ್ಲಿ ತಾವು ಬರೆದುತಂದದ್ದನ್ನು ಓದಲಾಗದೆ ಬೇರೊಬ್ಬರ ಕೈಯಲ್ಲಿ ಓದಿಸಿದ್ದರು. ಬ್ಯಾರಿಸ್ಟರ್ ಆಗಿ ಬೊಂಬಾಯಿಗೆ ಮರಳಿದ ಮೇಲೆ ಅಲ್ಲಿನ ಸಣ್ಣ ವ್ಯಾಜ್ಯಗಳ ನ್ಯಾಯಾಲಯದಲ್ಲಿ 30 ರೂಪಾಯಿ ಶುಲ್ಕಕ್ಕೆ ಒಪ್ಪಿಕೊಂಡ ಮೊದಲ ಮೊಕದ್ದಮೆಯಲ್ಲಿ ಪಾಟೀಸವಾಲಿಗೆಂದು ಎದ್ದು ನಿಂತಾಗ ತಲೆ ತಿರುಗಿ, ಒಂದು ಪ್ರಶ್ನೆಯೂ ಹೊಳೆಯದೆ ಕುಳಿತುಬಿಟ್ಟರು. ಹಣ ಹಿಂದಿರುಗಿಸುತ್ತೇನೆ, ಬೇರೆ ವಕೀಲರನ್ನು ನೋಡಿಕೊಳ್ಳಿ ಎಂದು ಹೇಳಿ ಹೊರಬಂದರು. ಇದನ್ನೆಲ್ಲ ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ಸಂಕೋಚ ತಮಗೆ ಮಾತಿನಲ್ಲಿ ಮಿತವನ್ನು ಕಲಿಸಿತೆಂದೂ ಹೇಳಿದ್ದಾರೆ. ಹಾಗಾಗಿ ಇಂದು ತಡವರಿಸಿದ ಮಗು ನಾಳೆಯೂ ತಡವರಿಸುತ್ತದೆಂದು ಯಾವ ತಂದೆಯೂ ತೀರ್ಮಾನಿಸಬಾರದು.

ಆದರೆ ಎಲ್ಲವನ್ನೂ ಚಿಟ್ಟೆಗಳೆಂದು ತಳ್ಳಿಹಾಕುವುದೂ ಸರಿಯಲ್ಲ. ಚಿಟ್ಟೆಗಳು ಸಂದರ್ಭಕ್ಕೆ ಮೊದಲು ಬಂದು, ಮಾತು ಆರಂಭವಾದ ಸ್ವಲ್ಪ ಹೊತ್ತಿನಲ್ಲಿ ತಗ್ಗುತ್ತವೆ. ಹಾಗಲ್ಲದೆ ತಿಂಗಳುಗಟ್ಟಲೆ ಮಗು ತರಗತಿಯಲ್ಲಿ ಹಾಜರಿ ಹೇಳಲೂ ಅಂಜುತ್ತಿದ್ದರೆ, ಬೆಳಿಗ್ಗೆ ಶಾಲೆಗೆ ಹೊರಡುವಾಗಲೆಲ್ಲ ವಾಂತಿ ಮಾಡಿಕೊಳ್ಳುತ್ತಿದ್ದರೆ, ನಿದ್ದೆ ಊಟಗಳು ಕೆಟ್ಟಿದ್ದರೆ, ಅದು ಬೇರೆ. ಆಗ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದರೂ ಉಚಿತವಾಗಿ ಸಲಹೆ ಸಿಗುತ್ತದೆ. ಎದೆಬಡಿತ ಇಳಿಸುವ ಪ್ರೊಪ್ರನೊಲಾಲ್ ಎಂಬ ಗುಳಿಗೆಯನ್ನು ಕೆಲವು ಸಂಗೀತಗಾರರು ಕಛೇರಿಗೆ ಮೊದಲು ತೆಗೆದುಕೊಳ್ಳುತ್ತಾರೆಂದು ಕೇಳಿ, ಅದನ್ನು ಮಕ್ಕಳಿಗೆ ಕೊಡಬಹುದೇ ಎಂದು ವಿಚಾರಿಸುವ ಪೋಷಕರಿದ್ದಾರೆ. ವೈದ್ಯರ ಚೀಟಿಯಿಲ್ಲದೆ ಖಂಡಿತ ಕೊಡಕೂಡದು; ಉಬ್ಬಸವಿರುವವರಿಗೆ ಅದು ಅಪಾಯಕಾರಿ, ಮತ್ತು ನಮ್ಮ ಈ ಶೀತ ತೇವದ ಊರುಗಳಲ್ಲಿ ಉಬ್ಬಸವಿರುವ ಮಕ್ಕಳು ಎಲ್ಲ ತರಗತಿಗಳಲ್ಲೂ ಇದ್ದಾರೆ.

ಇನ್ನು ಸ್ಪರ್ಧೆಗಳನ್ನು ನಡೆಸುವ ನನ್ನ ಸಹೋದ್ಯೋಗಿಗಳಲ್ಲಿ ಎರಡು ಬೇಡಿಕೆಗಳಿವೆ. ಉದ್ಘಾಟನೆಗೆ ಮೊದಲು, ಸಭಾಂಗಣ ಇನ್ನೂ ಖಾಲಿ ಇರುವಾಗ, ಪ್ರತಿಯೊಂದು ಮಗುವಿಗೂ ವೇದಿಕೆ ಹತ್ತಿ ಮೈಕಿನಲ್ಲಿ ತನ್ನ ಮೊದಲ ವಾಕ್ಯವನ್ನು ಒಮ್ಮೆ ಹೇಳಲು ಅವಕಾಶ ಕೊಡಿ. ತನ್ನ ಧ್ವನಿಯನ್ನು ಅಷ್ಟು ದೊಡ್ಡದಾಗಿ ಕೇಳುವ ಮೊದಲ ಗಾಬರಿ ಅಲ್ಲಿಯೇ ಮುಗಿಯುತ್ತದೆ. ಸರದಿಯ ಪಟ್ಟಿಯನ್ನು ಬೆಳಿಗ್ಗೆಯೇ ಗೋಡೆಗೆ ಅಂಟಿಸಿ, ಯಾವಾಗ ಹೆಸರು ಕೂಗುತ್ತಾರೋ ಎಂದು ಮಧ್ಯಾಹ್ನದವರೆಗೆ ಕಾಯುವ ಸಂಕಟ ತಪ್ಪಲಿ. ನಮ್ಮ ಕ್ಲಸ್ಟರ್‌ನಲ್ಲಿ ಈ ವರ್ಷ ಎರಡಕ್ಕೂ ಒಪ್ಪಿದ್ದಾರೆ, ಮೈಕಿನ ಸ್ಟ್ಯಾಂಡನ್ನು ಪ್ರತಿ ಮಗುವಿನ ಎತ್ತರಕ್ಕೆ ಸರಿಪಡಿಸಲು ಒಬ್ಬರನ್ನು ವೇದಿಕೆಯ ಪಕ್ಕದಲ್ಲೇ ನಿಲ್ಲಿಸುವುದಾಗಿಯೂ ಹೇಳಿದ್ದಾರೆ.